ರೋಮನ್ ನೆಲಕ್ಕೆ ಒಂದು ಬಕೆಟ್ ನೀರು

ಮೂವತ್ತೆಂಟು ವರ್ಷ ನಾನು ಕಂಡವರ ಮನೆಗೆಲ್ಲ ನೆಲ ಹಾಸಿದೆ. ಬಿದ್ದದ್ದು ಮಾತ್ರ ನಾನೇ ಹಾಸಿದ ನೆಲದ ಮೇಲೆ, ಏಳು ತಿಂಗಳ ಹಿಂದೆ, ಮಗಳ ಹೊಸ ಮನೆಯ ಬಚ್ಚಲಲ್ಲಿ. ಸೊಂಟದ ಮೂಳೆ ಮುರಿಯಿತು. ಒಳಗೆ ಒಂದು ಕಂಬಿ, ನಾಲ್ಕು ಸ್ಕ್ರೂ ಹಾಕಿದ್ದಾರೆ. ಇನ್ನು ಮಂಡಿಯೂರಿ ಮಾಡುವ ಕೆಲಸ ಮರೆತುಬಿಡಿ ಎಂದರು ಡಾಕ್ಟರು. ನೆಲ ಹಾಸುವವಳು ಮಂಡಿಯೂರದೆ ಇನ್ನೇನು, ನಿಂತುಕೊಂಡು ಕಲ್ಲು ಎಸೆಯಬೇಕೆ?

ಅದನ್ನೂ ನುಂಗಿಕೊಂಡೆ. ಗಂಟಲಲ್ಲಿ ಸಿಕ್ಕಿಕೊಂಡದ್ದು ಮಗಳ ಮಾತು. ಅವಳು ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡುವವಳು. ಆಸ್ಪತ್ರೆಯಿಂದ ಬಂದ ವಾರ ನನ್ನ ಪಕ್ಕ ಕೂತು, ಕೈ ಹಿಡಿದುಕೊಂಡು ಹೇಳಿದಳು.

"ಅಮ್ಮ, ಬೇಜಾರು ಮಾಡ್ಕೋಬೇಡ. ಆ ನೆಲದಲ್ಲಿ ನೀರು ನಿಲ್ಲುತ್ತೆ. ನಿನ್ನ ಕಣ್ಣು ಮೊದಲಿನ ಹಾಗಿಲ್ಲ."

"ಸೋಪಿನ ಮೇಲೆ ಕಾಲಿಟ್ಟೆ."

"ಸೋಪು ಡಬ್ಬಿಯಲ್ಲೇ ಇತ್ತಮ್ಮ."

"ಹಾಗಾದ್ರೆ ಸೋಪಿನ ನೊರೆ" ಎಂದು ನಾನು ಮುಖ ತಿರುಗಿಸಿದೆ. ಅವಳು ಮರುದಿನವೇ ಬಚ್ಚಲಿಗೆ ಒಂದು ದಪ್ಪ ರಬ್ಬರ್ ಚಾಪೆ ಹಾಸಿದಳು. ನನ್ನ ನೆಲ ಚಾಪೆಯ ಅಡಿ ಸೇರಿತು. ನಾನೂ ಎತ್ತಿ ನೋಡಲಿಲ್ಲ.

ಕಾಲು ಹೋಯಿತು ಎಂದರೆ ಒಪ್ಪುತ್ತೇನೆ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಕಣ್ಣು ಹೋಯಿತು ಎಂದರೆ ಒಪ್ಪುವವಳಲ್ಲ. ಅಂಗಡಿಯ ಬೋರ್ಡಿನಲ್ಲಿ ಅಕ್ಷರ ಓದುವ ಕಣ್ಣು ಬೇರೆ, ನೆಲ ನೋಡುವ ಕಣ್ಣು ಬೇರೆ. ಕೆಲಸಕ್ಕೆ ಕರೆಯುವವರೆಲ್ಲ ನನ್ನನ್ನು ಮೇಸ್ತ್ರಮ್ಮ ಎನ್ನುತ್ತಿದ್ದದ್ದು ಆ ಎರಡನೆಯ ಕಣ್ಣಿಗೆ. ನೀರು ಹರಿದು ಹೋಗಲು ನೆಲಕ್ಕೆ ಕೊಡುವ ಇಳಿತವನ್ನು ನಾವು ವಾಟ ಎನ್ನುತ್ತೇವೆ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣು ಹಾಯಿಸಿದರೆ ವಾಟ ಎಷ್ಟಿದೆ, ಎಲ್ಲಿ ತಪ್ಪಿದೆ ಎಂದು ಬೆರಳ ಲೆಕ್ಕದಲ್ಲಿ ಹೇಳುತ್ತಿದ್ದೆ.

ಕೆಲಸ ಕಲಿಸಿದವರು ಅಪ್ಪ. ಅವರದೊಂದು ಕಟ್ಟಳೆ ಇತ್ತು. ನೆಲ ಹಾಸಿ ಗಟ್ಟಿಯಾದ ಮೇಲೆ ಒಂದು ಬಕೆಟ್ ನೀರು ಸುರಿಯಬೇಕು. ಕೈಕಟ್ಟಿ ನಿಂತು ನೋಡಬೇಕು. ಕೊನೆಯ ಹನಿ ತೂಬು ಸೇರಿದ ಮೇಲೆ, ಬಕೆಟ್ಟಿನ ತಳದಲ್ಲಿ ಉಳಿಸಿಕೊಂಡ ನೀರಲ್ಲಿ ಗಾರೆ ಬಳಿಯುವ ಕರಣೆ ತೊಳೆದು ಚೀಲಕ್ಕೆ ಹಾಕಬೇಕು. ಅಲ್ಲಿಯವರೆಗೆ ಕರಣೆ ಹೊರಗೇ ಬಿದ್ದಿರಬೇಕು, ಮನೆಯ ಯಜಮಾನ ಬಂದು ಕುಣಿದಾಡಿದರೂ ಸರಿ.

ಈಗ ಆ ಚೀಲವನ್ನೇ ದಾನ ಕೊಡುವ ಮಾತು ಎದ್ದಿತ್ತು. ಗಾರೆ ಕೆಲಸ ಕಲಿಸುವ ಶಾಲೆಯೊಂದಕ್ಕೆ ಮಗಳು ಫೋನು ಮಾಡಿದ್ದಳು. ಶನಿವಾರ ಅವರ ಗಾಡಿ ಬರುತ್ತದೆ, ಕರಣೆ, ಮಟ್ಟ ನೋಡುವ ರಸಮಟ್ಟ, ಉಳಿ, ರಬ್ಬರ್ ಸುತ್ತಿಗೆ ಎಲ್ಲ ಒಯ್ಯುತ್ತದೆ. "ಮೂಲೆಯಲ್ಲಿ ತುಕ್ಕು ಹಿಡಿಯೋ ಬದಲು ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಮ್ಮ" ಎಂದಳು. ಮಾತು ಒಳ್ಳೆಯದೇ. ಬದುಕಿರುವಾಗಲೇ ತಿಥಿ ಮಾಡಿದ ಹಾಗಿತ್ತು, ಅಷ್ಟೇ.

ಅಳಿಯನ ವಿಷಯ ಹೇಳಬೇಕು. ಅವರ ಆಫೀಸಿನವರು ದೇಶ ದೇಶಗಳ ಹಾಳೂರುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಜಾಗಕ್ಕೆ ಹೋದವರು ಸಾವಿರಾರು ಫೋಟೋ ತೆಗೆದು, ಅಳತೆ ಹಿಡಿದು ಕಳಿಸುತ್ತಾರೆ. ಇವರು ಕೂತಲ್ಲೇ ಅವನ್ನು ಹೊಲಿದು, ಯಾರು ಬೇಕಾದರೂ ಒಳಗೆ ನಡೆದಾಡುವ ಹಾಗೆ ಮಾಡುತ್ತಾರೆ. ಭಾನುವಾರ ನನ್ನ ಗೊಣಗಾಟ ತಾಳಲಾರದೆ ಅಳಿಯ ಆ ಊರುಗಳನ್ನು ಕಣ್ಣೆದುರಿಗೇ ತೋರಿಸುವ ಒಂದು ಕಪ್ಪು ಡಬ್ಬ ತಂದು ನನ್ನ ಕಣ್ಣಿಗೆ ಕಟ್ಟಿದರು.

"ಅತ್ತೆ, ಇದು ರೋಮನ್ನರ ಊರು. ಎರಡು ಸಾವಿರ ವರ್ಷದ್ದು. ಮುಂದಿನ ವಾರ ಜನರಿಗೆ ತೆರೀತೀವಿ. ನೀವು ಮೊದಲು ಸುತ್ತಿ ಬನ್ನಿ."

"ಸೊಂಟ ಮುರಿದವಳನ್ನ ಊರು ಸುತ್ತೋಕೆ ಕಳಿಸ್ತೀರಲ್ಲ, ಅಳಿಯಂದ್ರೇ!"

ಸುಳ್ಳೇಕೆ ಹೇಳಲಿ, ಮೊದಲ ಐದು ನಿಮಿಷ ಗೊಣಗುವುದನ್ನೇ ಮರೆತೆ. ಗಾಡಿ ಚಕ್ರಕ್ಕೆ ಸವೆದ ಕಲ್ಲುಬೀದಿ, ಛಾವಣಿ ಇಲ್ಲದ ಅಂಗಡಿ ಸಾಲು, ಮುರಿದ ಕಂಬಗಳ ಅಂಗಳ. ಕೈಯಲ್ಲಿದ್ದ ಗುಂಡಿ ಒತ್ತಿದರೆ ಸೊಂಟ ನೋಯದೆ ಮುಂದೆ ಹೋಗುತ್ತಿದ್ದೆ. ಒಂದು ದೊಡ್ಡ ಮನೆಯೊಳಗೆ ಹೊಕ್ಕೆ. ಸಕ್ಕರೆ ಸವರಿದಂಥ ದನಿಯೊಂದು ಹೇಳಿತು, ಇದು ಊಟದ ಕೋಣೆ, ಇಲ್ಲಿ ಶ್ರೀಮಂತರು ಒರಗಿಕೊಂಡು ಉಣ್ಣುತ್ತಿದ್ದರು.

ಶ್ರೀಮಂತರನ್ನು ಕಟ್ಟಿಕೊಂಡು ನನಗೇನು. ನಾನು ನೆಲ ನೋಡಿದೆ.

ಉಗುರಿನಷ್ಟು ಉಗುರಿನಷ್ಟೇ ಕಪ್ಪು ಬಿಳಿ ಕಲ್ಲು. ಸುತ್ತ ಮೀನಿನ ಅಂಚು. ಒಂದೊಂದು ಕಲ್ಲನ್ನೂ ಕೈಯಿಂದ ಇಟ್ಟು, ಮೇಲೆ ತಟ್ಟಿ ಕೂರಿಸಿದ್ದಾರೆ. ಎರಡು ಸಾವಿರ ವರ್ಷದ ಕೆಳಗೆ ಯಾರೋ ಇಲ್ಲಿ ಮಂಡಿಯೂರಿ ಕೂತಿದ್ದರು. ಅವರ ಮಂಡಿಯೂ ಸಂಜೆಗೆ ನನ್ನದರ ಹಾಗೇ ನೋಯುತ್ತಿತ್ತು. ಮುಟ್ಟೋಣ ಎಂದು ಬಾಗಿದೆ, ಹಣೆ ಹೋಗಿ ಟೀಪಾಯಿಗೆ ಬಡಿಯಿತು. ಅಡುಗೆಮನೆಯಿಂದ ಮಗಳು ಓಡಿಬಂದಳು. ನಾನು ಡಬ್ಬ ಬಿಚ್ಚಲಿಲ್ಲ. ಬಾಗಿದಾಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು.

ಗೋಡೆಯ ಬುಡದಲ್ಲಿ ಅಡ್ಡಕ್ಕೆ ಒಂದು ಕೆಂಪು ಪಟ್ಟಿ ಬಳಿದಿದ್ದರು. ಬಾಗಿಲ ಹತ್ತಿರ ಪಟ್ಟಿ ನೆಲಕ್ಕೆ ಅಂಟಿಕೊಂಡಂತಿತ್ತು. ಆ ಕೊನೆಗೆ ಹೋಗುವಾಗ ನೆಲದಿಂದ ನಾಲ್ಕು ಬೆರಳು ಮೇಲೆ ಹೋಗಿತ್ತು. ಇಂಥ ನೆಲ ಹಾಕಿಸಿದ ಮನೆಯಲ್ಲಿ ಪಟ್ಟಿ ಬಳಿದವನು ಕುಡಿದು ಬಂದಿದ್ದನೆ? ಬಾಗಿಲ ತಲೆ ನೋಡಿದೆ, ಅದೂ ಅದೇ ಕಡೆ ಏರಿತ್ತು. ಕಿಟಕಿಯೂ ಅಷ್ಟೇ. ಆ ಕೊನೆಯ ಗೋಡೆಯ ಬುಡದಲ್ಲಿ ಅಂಗೈಯಗಲ ಒಂದು ಕಪ್ಪು ಕಲೆ, ಮಣ್ಣು ತುಂಬಿದ ತೂತು.

"ಅಳಿಯಂದ್ರೇ, ಈ ಗೋಡೆಯೆಲ್ಲ ಓರೆಯಾಗಿದೆ."

"ಎರಡು ಸಾವಿರ ವರ್ಷದ ಗೋಡೆ ಅತ್ತೆ. ಓರೆಯಾಗದೆ ಇರುತ್ತಾ?"

"ವಯಸ್ಸಾದ್ರೆ ಒಂದೊಂದು ಭಾಗ ಒಂದೊಂದು ಕಡೆ ವಾಲುತ್ತೆ. ನನ್ನನ್ನೇ ನೋಡಿ. ಇಲ್ಲಿ ಬಾಗಿಲು, ಕಿಟಕಿ, ಪಟ್ಟಿ ಮೂರೂ ಒಂದೇ ಕಡೆ, ಒಂದೇ ಅಳತೆಗೆ ಓರೆಯಾಗಿವೆ. ಗೋಡೆ ನೆಟ್ಟಗೇ ಇದೆ. ನೀವು ನೆಲಾನ ಎತ್ತಿಬಿಟ್ಟಿದ್ದೀರ. ಇದು ಊಟದ ಕೋಣೆ ಅಲ್ಲ, ನೀರಿನ ಕೋಣೆ. ಅಲ್ಲಿರೋದು ತೂಬು."

ಮಗಳು ನಕ್ಕುಬಿಟ್ಟಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ತಮಾಷೆಗೆ ಅಂದದ್ದು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಡಬ್ಬ ಬಿಚ್ಚಿ ಟೀಪಾಯಿಯ ಮೇಲೆ ಕುಕ್ಕಿದೆ. ನಾನು ಹಾಗೆ ಕುಕ್ಕಿದರೆ ಆ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಅಳಿಯ ಮೆಲ್ಲಗೆ ಕುರ್ಚಿ ಎಳೆದುಕೊಂಡು ಎದುರು ಕೂತರು.

"ಅತ್ತೆ, ನಮ್ಮ ಆಫೀಸಲ್ಲಿ ಒಂದು ನಿಯಮ ಇದೆ. ಪ್ರತಿ ಕೋಣೆಯ ನೆಲದ ಮೇಲೆ ಮೂರು ಕಡೆ ಗುರುತು ಹಾಕಿ, ಇದು ಮಟ್ಟ ಅಂತ ಕಂಪ್ಯೂಟರಿಗೆ ಹೇಳ್ತೀವಿ. ಇಲ್ಲದಿದ್ರೆ ನೋಡೋರಿಗೆ ತಲೆ ತಿರುಗುತ್ತೆ. ನೆಲ ಅಂದ್ರೆ ಮಟ್ಟ ತಾನೆ?"

"ನೆಲ ಅಂದ್ರೆ ಮಟ್ಟ ಅನ್ನೋರು ಯಾರೂ ಒಂದು ದಿನ ಬಚ್ಚಲು ತೊಳೆದವರಲ್ಲ" ಎಂದೆ.

ಅಳಿಯ ಕೆಂಪಗಾದರು. ಆದರೆ ಕೆಲಸ ಗೊತ್ತಿರುವ ಮನುಷ್ಯ, ಹಟಕ್ಕೆ ಬೀಳಲಿಲ್ಲ. ಕಂಪ್ಯೂಟರು ತೆಗೆದು, ಮಟ್ಟ ಮಾಡುವ ಮೊದಲಿದ್ದ ಅಳತೆಗಳನ್ನು ಹುಡುಕಿದರು. ಅರ್ಧ ಗಂಟೆಯಾದ ಮೇಲೆ ತಲೆ ಕೆರೆದುಕೊಂಡರು. ಗೋಡೆ, ಬಾಗಿಲು, ಪಟ್ಟಿ ಎಲ್ಲ ನೆಟ್ಟಗಿದ್ದವು. ನೆಲ ಮಾತ್ರ ಆ ಕೊನೆಗೆ ನಾಲ್ಕು ಬೆರಳು ಇಳಿದಿತ್ತು.

ನಾನು ಮಗಳ ಕಡೆ ನೋಡಿದೆ. ಅವಳು ಪಾತ್ರೆ ಒರೆಸತೊಡಗಿದಳು.

ಅಲ್ಲಿಗೆ ಮುಗಿಯಲಿಲ್ಲ. ಆ ಊರನ್ನು ಅಗೆದು ಕಾಪಾಡುತ್ತಿರುವ ಒಬ್ಬ ಮೇಡಂ ಇದ್ದಾರೆ, ಅವರು ಒಪ್ಪದೆ ಕೋಣೆಯ ಹೆಸರು ಬದಲಿಸುವಂತಿಲ್ಲ. ಅಳಿಯ ಅವರಿಗೆ ಬರೆದರು. ಸೋಮವಾರ ಉತ್ತರ ಬಂತು. ನೆಲ ಇಳಿದಿರುವುದು ತಮಗೆ ಗೊತ್ತು, ಹಳೆಯ ಭೂಕಂಪದಲ್ಲಿ ಕುಸಿದದ್ದು, ಆ ತೂತು ಆಮೇಲೆ ಆದ ಹಾನಿ, ನಲವತ್ತು ವರ್ಷದಿಂದ ಪುಸ್ತಕಗಳಲ್ಲಿ ಅದು ಊಟದ ಕೋಣೆಯೇ, ನಿಮ್ಮ ಅತ್ತೆಯವರ ಆಸಕ್ತಿಗೆ ವಂದನೆ.

"ವಂದನೆ ಅವರೇ ಇಟ್ಕೊಳ್ಲಿ. ನೀರು ಸುರಿಯೋಕೆ ಹೇಳಿ" ಎಂದೆ. "ಬರ್ಕೊಳ್ಳಿ. ಕುಸಿದ ನೆಲ ನೀರನ್ನ ನಿಲ್ಲಿಸುತ್ತೆ, ಹಾಸಿದ ನೆಲ ನೀರನ್ನ ಕಳಿಸುತ್ತೆ. ಮೂರು ಮೂಲೆಯಿಂದ ಸುರಿದ ನೀರು ಮೂರೂ ಕಡೆಯಿಂದ ಆ ತೂತಿಗೇ ಬಂದ್ರೆ, ಅದು ಭೂಕಂಪದ ಕೆಲಸ ಅಲ್ಲ, ಮೇಸ್ತ್ರಿ ಕೆಲಸ."

ಮಂಗಳವಾರ ಉತ್ತರವಿಲ್ಲ. ಇನ್ನೊಂದು ಬರೆಸಿದೆ. ಬುಧವಾರ ಅಳಿಯ ಕೈಮುಗಿದರು. "ಅತ್ತೆ, ಆಫೀಸಲ್ಲಿ ನನ್ನ ಮಾನ ಹೋಗುತ್ತೆ." ಮಗಳೂ ದನಿಗೂಡಿಸಿದಳು. "ಇವರ ಕೆಲಸಕ್ಕೆ ಯಾಕಮ್ಮ ಕಲ್ಲು ಹಾಕ್ತೀಯ? ಅಷ್ಟು ದೂರದ ಯಾವುದೋ ನೆಲ. ಅದರಿಂದ ನಿನಗೇನಾಗಬೇಕು?"

"ನನಗೇನಾಗಬೇಕು ಅಂತ ನಿನಗೆ ಚೆನ್ನಾಗಿ ಗೊತ್ತು" ಎಂದೆ. ಕೋಲೂರಿ ಎದ್ದು ನಿಂತೇ ಹೇಳಿದೆ. "ನಾನು ಹೇಳಿದ್ದು ಸುಳ್ಳಾದ್ರೆ, ಶನಿವಾರ ಆ ಚೀಲಾನ ನಾನೇ ಬಾಗಿಲವರೆಗೆ ಎಳೆದು ತಂದು ಕೊಡ್ತೀನಿ. ಕಣ್ಣು ಹೋಗಿದೆ ಅಂತ ನಾನೇ ಬಾಯಿಬಿಟ್ಟು ಹೇಳ್ತೀನಿ. ನಿಜ ಆದ್ರೆ, ನಾನು ಸಾಯೋವರೆಗೆ ಆ ಚೀಲ ಯಾರೂ ಮುಟ್ಟಬಾರದು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅಳಿಯ ನಾಲ್ಕನೆಯ ಪತ್ರ ಬರೆದರು.

ಗುರುವಾರ ಮೇಡಂ ಸೋತರು. ವರ್ಷಕ್ಕೊಮ್ಮೆ, ಜನರಿಗೆ ತೆರೆಯುವ ಮೊದಲು, ಆ ನೆಲಗಳ ಧೂಳನ್ನು ಹೇಗೂ ನೀರಿನಿಂದ ತೊಳೆಯುತ್ತಾರಂತೆ. ಈ ವರ್ಷದ ತೊಳೆಯುವಿಕೆ ಶುಕ್ರವಾರ ಬೆಳಿಗ್ಗೆ. ನೋಡುವುದಾದರೆ ವೀಡಿಯೋದಲ್ಲಿ ನೋಡಬಹುದು ಎಂದು ಬರೆದಿದ್ದರು.

ಶುಕ್ರವಾರ ಮಗಳು ಅಂಗಡಿಗೆ ಮಧ್ಯಾಹ್ನದ ಮೇಲೆ ಬರುತ್ತೇನೆಂದು ಹೇಳಿ ಮನೆಯಲ್ಲೇ ಉಳಿದಳು. ಪರದೆಯ ಮೇಲೆ ಟೋಪಿ ಹಾಕಿದ ಒಬ್ಬ ಹೆಂಗಸು, ಅವರೇ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಪ್ಯಾಂಟಿನ ಎರಡೂ ಮಂಡಿಯ ಹತ್ತಿರ ಮಣ್ಣಿನ ಗುಂಡನೆಯ ಕಲೆ. ಅದನ್ನು ನೋಡಿದ ಮೇಲೆ ನನ್ನ ಅರ್ಧ ಸಿಟ್ಟು ಇಳಿಯಿತು. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ನಡುವೆ ಅಳಿಯ.

"ಮೊದಲು ಬಾಗಿಲ ಹತ್ತಿರ ಸುರಿಯೋಕೆ ಹೇಳಿ. ಎಸೆಯಬಾರದು, ನಿಧಾನಕ್ಕೆ ಬಿಡಬೇಕು."

ಆಕೆ ಬಿಟ್ಟರು. ನೀರು ಮೊದಲು ಎಲ್ಲಿಗೆ ಹೋಗಲಿ ಎಂದು ಯೋಚಿಸುವಂತೆ ಹರಡಿ ನಿಂತಿತು. ಆಮೇಲೆ ಒಂದು ನಾಲಗೆ ಚಾಚಿತು. ಧೂಳು ಹೋದಲ್ಲಿ ಕಪ್ಪು ಕಲ್ಲು ಮಿಂಚಿದವು, ಮೀನುಗಳಿಗೆ ಜೀವ ಬಂತು. ಎಡ ಮೂಲೆಯಿಂದ ಬಿಟ್ಟ ನೀರೂ ಅದೇ ಕಡೆ ಹೊರಟಿತು, ಬಲ ಮೂಲೆಯದೂ. ಮೂರು ನಾಲಗೆಗಳೂ ಗೋಡೆಯ ಬುಡದ ಆ ಕಲೆಯ ಮುಂದೆ ಸೇರಿದವು.

ಸೇರಿ, ನಿಂತುಬಿಟ್ಟವು.

ಅಂಗೈಯಗಲದ ಮಡು. ಹತ್ತು ಎಣಿಸುವಷ್ಟು ಹೊತ್ತು, ಇಪ್ಪತ್ತು. ಮೇಡಂ ಏನೋ ಹೇಳಿದರು. ಅಳಿಯ ನನ್ನ ಮುಖ ನೋಡದೆ ಹೇಳಿದರು, "ನೀರು ನಿಂತಿದೆ ಅಂತಾರೆ ಅತ್ತೆ. ಅಂದ್ರೆ ಕುಸಿದದ್ದೇ ಅಂತೆ." ಮಗಳ ಕೈ ನನ್ನ ಭುಜದ ಮೇಲೆ ಬಂತು, ಸತ್ತವರ ಮನೆಯಲ್ಲಿ ಇಡುವಂಥ ಕೈ. ನಿಜಕ್ಕೂ ಕಣ್ಣು ಹೋಗಿದ್ದರೆ ಎಂದು ಆಗ ಮೊದಲ ಸಲ ಅನ್ನಿಸಿತು.

"ಕಾಯೋಕೆ ಹೇಳಿ" ಎಂದೆ. "ಎರಡು ಸಾವಿರ ವರ್ಷದ ಮಣ್ಣು ಎರಡು ನಿಮಿಷಕ್ಕೆ ಬಿಡುತ್ತಾ?"

ಮಡುವಿನಲ್ಲಿ ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು. ಮೇಡಂ ಮಾತು ನಿಲ್ಲಿಸಿ ಮಂಡಿಯೂರಿ ಕೂತರು, ಒಂದು ಬೆರಳಿನಿಂದ ಮಣ್ಣನ್ನು ಮೆಲ್ಲಗೆ ಕೆದಕಿದರು. ಗೊಳಕ್ ಎಂಬ ಸದ್ದು ಅಷ್ಟು ದೂರದಿಂದ ನಮ್ಮ ಹಜಾರಕ್ಕೆ ಕೇಳಿಸಿತು. ಮಣ್ಣು ಒಳಗೆ ಜಾರಿತು, ನೀರು ತಿರುಗಿಕೊಂಡು ಅದರ ಹಿಂದೆಯೇ ಇಳಿಯಿತು. ನೆಲದ ಮೇಲೆ ಒಂದು ಹನಿ ಉಳಿಯಲಿಲ್ಲ. ಆಕೆ ಎರಡು ಬೆರಳು ಒಳಗಿಟ್ಟು ಸವರಿ ನೋಡಿ, ತಲೆಯೆತ್ತಿ ಏನೋ ಕೂಗಿದರು.

"ಒಳಗೆ ಸುಟ್ಟ ಮಣ್ಣಿನ ಕೊಳವೆ ಇದೆಯಂತೆ!" ಅಳಿಯ ಕುರ್ಚಿಯಿಂದ ಎದ್ದೇಬಿಟ್ಟಿದ್ದರು. "ನಿಮ್ಮ ಅತ್ತೆ ಇದುವರೆಗೆ ಎಷ್ಟು ರೋಮನ್ ಊರು ನೋಡಿದ್ದಾರೆ ಅಂತ ಕೇಳ್ತಿದ್ದಾರೆ."

"ಒಂದೂ ಇಲ್ಲ ಅನ್ನಿ. ಸಾವಿರ ಬಚ್ಚಲು ನೋಡಿದ್ದೀನಿ ಅನ್ನಿ."

ಅಳಿಯ ಹಾಗೇ ಹೇಳಿರಬೇಕು. ಆಕೆ ಕೆಸರು ಕೈಯಲ್ಲೇ ಟೋಪಿ ತೆಗೆದು ನನಗೆ ತಲೆಬಾಗಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಎಷ್ಟು ನಿಜ, ನನ್ನ ಮನೆಯವರು ಒಪ್ಪಬೇಕಾದರೆ ಸಮುದ್ರದಾಚೆಯವರು ತಲೆಬಾಗಬೇಕಾಯಿತು. ನಾನೂ ಬಾಗಿದೆ. ಕಣ್ಣಲ್ಲಿ ನೀರು ಬಂತು. ಆ ನೆಲ ಹಾಸಿದವರನ್ನು ನೆನೆದೆ. ಅವರೂ ಕೊನೆಯಲ್ಲಿ ನೀರು ಸುರಿದು ನೋಡಿಯೇ ಎದ್ದಿರಬೇಕು.

ಮಗಳು ಒಳಗೆ ಓಡಿದಳು. ಮಂಚದ ಅಡಿಯಿಂದ ಚೀಲ ಎಳೆದು ತಂದು ನನ್ನ ಮಡಿಲಲ್ಲಿಟ್ಟಳು. "ತಗೋ, ಗೆದ್ದೆ. ಇನ್ನು ಯಾರೂ ಮುಟ್ಟಲ್ಲ. ನಾನು ಅಂದದ್ದು ತಪ್ಪಾಯ್ತು ಅಮ್ಮ" ಎಂದು ಕೆನ್ನೆಗೆ ಕೆನ್ನೆ ಒತ್ತಿದಳು. ನಾನು ಬೀಗುತ್ತಲೇ ಚೀಲದ ಬಾಯಿ ಬಿಚ್ಚಿ ಕರಣೆ ಹೊರಗೆ ತೆಗೆದೆ.

ಕರಣೆಯ ತುಂಬ ಸಿಮೆಂಟು ಒಣಗಿ ಹತ್ತಿಕೊಂಡಿತ್ತು.

ಮೂವತ್ತೆಂಟು ವರ್ಷದಲ್ಲಿ ನನ್ನ ಕರಣೆ ತೊಳೆಯದೆ ಚೀಲ ಸೇರಿದ್ದಿಲ್ಲ. ಅದನ್ನೇ ನೋಡುತ್ತ ಕೂತೆ. ಕೊನೆಯ ಕೆಲಸ ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮಗಳ ಬಚ್ಚಲು. ಅವತ್ತು ಸಾಮಾನಿನ ಲಾರಿ ಬಾಗಿಲಿಗೆ ಬಂದು ನಿಂತಿತ್ತು. ನಲ್ಲಿಗೆ ನೀರಿನ ಸಂಪರ್ಕ ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯಿಂದ ಒಂದು ಬಕೆಟ್ ತಂದರೆ ಆಗುತ್ತಿತ್ತು. ನನ್ನ ಕಣ್ಣಿಗಿಂತ ನೀರು ದೊಡ್ಡದೆ? ಎಂದುಕೊಂಡಿದ್ದೆ. ಕರಣೆಯನ್ನು ಹಾಗೇ ಚೀಲಕ್ಕೆ ತುರುಕಿ ಎದ್ದಿದ್ದೆ.

"ಒಂದು ಬಕೆಟ್ ನೀರು ತಗೋ. ಬಚ್ಚಲ ಚಾಪೆ ಎತ್ತು" ಎಂದೆ.

"ಈಗ್ಯಾಕಮ್ಮ? ಗೆದ್ದಾಯ್ತಲ್ಲ."

"ಎತ್ತು ಅಂದ್ರೆ ಎತ್ತು."

ಕೋಲೂರಿಕೊಂಡು ಬಚ್ಚಲ ಹೊಸ್ತಿಲಲ್ಲಿ ನಿಂತೆ. ಬಿದ್ದ ಮೇಲೆ ಆ ನೆಲವನ್ನು ಬರಿಗಣ್ಣಿನಿಂದ ನೋಡುತ್ತಿದ್ದದ್ದು ಅದೇ ಮೊದಲು. ಮಗಳು ನಿಧಾನಕ್ಕೆ ನೀರು ಬಿಟ್ಟಳು. ನೀರು ಚೆನ್ನಾಗಿಯೇ ಹೊರಟಿತು, ಜಾಲರಿಯ ಕಡೆ. ನಲ್ಲಿಯ ಕೆಳಗೆ ಮಾತ್ರ, ನಾನು ಬಿದ್ದ ಜಾಗದಲ್ಲೇ, ಅಂಗೈಯಗಲ ನೀರು ಉಳಿಯಿತು. ಕಾದೆ. ಆ ಮೇಡಂಗೆ ಕಾಯಲು ಹೇಳಿದ್ದೆನಲ್ಲ, ನಾನೂ ಕಾಯಬೇಕು. ಗುಳ್ಳೆ ಏಳಲಿಲ್ಲ. ಎರಡು ಟೈಲ್ಸ್ ಒಂದು ನೂಲು, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ಕೆಳಗೆ ಕೂತಿದ್ದವು. ಸಮುದ್ರದಾಚೆಯ ನಾಲ್ಕು ಬೆರಳು ಕಂಡವಳಿಗೆ ಕಾಲಡಿಯ ಒಂದು ನೂಲು ಕಂಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

"ಸೋಪಲ್ಲ" ಎಂದೆ. "ನೀರೂ ಸುರೀಲಿಲ್ಲ, ಕರಣೆನೂ ತೊಳೀಲಿಲ್ಲ. ನಾನೇ ಮಾಡಿದ ತಪ್ಪು."

ಮಗಳು ಬಕೆಟ್ ಕೆಳಗಿಟ್ಟು ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡಮ್ಮ. ವಯಸ್ಸಾದ ಮೇಲೆ ಕಣ್ಣು..."

"ಕಣ್ಣಿಗೇನೂ ಆಗಿಲ್ಲ. ಆಗಿದ್ರೆ ಇದು ಈಗ ಕಾಣ್ತಿರಲಿಲ್ಲ. ಅವಸರ ಮಾಡಿದೆ, ಜಂಬ ಮಾಡಿದೆ. ಅದಕ್ಕೆ ಕನ್ನಡಕ ಇಲ್ಲ." ನಾಚಿಕೆಯೇನೋ ಆಯಿತು. ಆದರೆ ಏಳು ತಿಂಗಳಿಂದ ಗಂಟಲಲ್ಲಿದ್ದ ಮುಳ್ಳು ಆಗ ಇಳಿಯಿತು. "ಅಳಬೇಡ. ನನ್ನ ಮಂಡಿ ಊರೋಕಾಗಲ್ಲ. ನಿನ್ನದು ಊರುತ್ತಲ್ಲ?"

ಶನಿವಾರ ಶಾಲೆಯ ಗಾಡಿ ಬಂದಾಗ ಮಗಳು ಬಚ್ಚಲಲ್ಲಿ ಮಂಡಿಯೂರಿ, ಉಳಿ ಹಿಡಿದು ಎರಡನೆಯ ಟೈಲ್ಸ್ ಎಬ್ಬಿಸುತ್ತಿದ್ದಳು. ನಾನು ಹೊಸ್ತಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ರಸಮಟ್ಟ ಇಟ್ಟುಕೊಂಡು, ಅವಳ ಏಳೇಳು ಜನ್ಮದ ಸೋಮಾರಿತನ ಬೈಯುತ್ತಿದ್ದೆ. ಬಾಗಿಲಲ್ಲಿ ಅಳಿಯ ಗಾಡಿಯವರಿಗೆ ಹೇಳುವುದು ಕೇಳಿಸಿತು. "ಕ್ಷಮಿಸಿ, ಚೀಲ ಕೊಡೋಕಾಗಲ್ಲ. ಒಳಗೆ ಕೆಲಸ ನಡೀತಿದೆ."

ಟೈಲ್ಸ್ ಮತ್ತೆ ಕೂರಿಸಿ ಎರಡು ದಿನ ಒಣಗಲು ಬಿಟ್ಟೆವು. ಮೂವರೂ ಸ್ನಾನಕ್ಕೆ ಪಕ್ಕದ ಮನೆಗೆ ಹೋದೆವು, ಯಾರೂ ಗೊಣಗಲಿಲ್ಲ. ಸೋಮವಾರ ಬೆಳಿಗ್ಗೆ ಮಗಳು ನೀರು ಸುರಿದು, ಹೇಳದೆಯೇ ಕೈಕಟ್ಟಿ ನಿಂತಳು. ನಲ್ಲಿಯ ಕೆಳಗಿನ ನೀರು ಒಂದು ಕ್ಷಣ ಯೋಚಿಸಿ, ಜಾಲರಿಯ ಕಡೆ ಹೊರಟಿತು. ಕೊನೆಯ ಹನಿ ಹೋಗುವವರೆಗೆ ನಾವು ನೋಡಿದೆವು.

ಆಮೇಲೆ ಬಕೆಟ್ಟಿನ ತಳದ ನೀರಲ್ಲಿ ನಾನು ಕರಣೆ ನೆನೆಹಾಕಿದೆ. ತಿಂಗಳುಗಟ್ಟಲೆ ಒಣಗಿದ ಸಿಮೆಂಟು ಬಿಡಲು ಅರ್ಧ ಗಂಟೆ ಉಜ್ಜಬೇಕಾಯಿತು. ಒರೆಸಿ ಮಗಳ ಕೈಗೆ ಕೊಟ್ಟೆ. ಅವಳೇ ಅದನ್ನು ಚೀಲಕ್ಕೆ ಹಾಕಿದಳು.